ಮೇಷ್ಟ್ರು ಕಿತ್ತ ರಾಣಿ ಕೋಶ

ನಿವೃತ್ತಿಯಾದ ಮೇಲೆ ಹೆಡ್‌ಮೇಷ್ಟ್ರು ವೀರಭದ್ರಪ್ಪನವರಿಗೆ ಜೇನು ಸಾಕುವ ಹುಚ್ಚು ಹಿಡಿಯಿತು. ಮೂರು ದಿನದ ತರಬೇತಿಗೆ ಹೋಗಿ, ಮುಂದಿನ ಸಾಲಿನಲ್ಲೇ ಕೂತು, ಹೇಳಿದ್ದನ್ನೆಲ್ಲ ಬರೆದುಕೊಂಡು ಬಾಯಿಪಾಠ ಮಾಡಿದರು. ಕೈಕೆಲಸ ತೋರಿಸಿಕೊಟ್ಟವರು ಪಕ್ಕದೂರಿನ ಚಿಕ್ಕತಾಯಮ್ಮ. ಶಾಲೆಯ ಮೆಟ್ಟಿಲು ಹತ್ತಿದವರಲ್ಲ, ಆದರೆ ಹನ್ನೆರಡು ಪೆಟ್ಟಿಗೆ ಜೇನು ಸಾಕಿದ್ದರು. ಅದರಲ್ಲೊಂದನ್ನು ಹುಳುಗಳ ಸಮೇತ ಮೇಷ್ಟ್ರ ಹಿತ್ತಲಲ್ಲಿ ಇಟ್ಟುಕೊಟ್ಟು, "ಜೋಪಾನ ಮೇಷ್ಟ್ರೇ, ಗೊತ್ತಾಗ್ದಿದ್ರೆ ಕೇಳಿ" ಅಂದರು.

ಇನ್ನೊಬ್ಬರನ್ನು ಕೇಳುವುದು ಮೇಷ್ಟ್ರಿಗೆ ಆಗಿಬರದ ಕೆಲಸ. ಮೂವತ್ತು ವರ್ಷ ಊರೆಲ್ಲ ಅವರನ್ನೇ ಕೇಳುತ್ತಿತ್ತಲ್ಲ!

ಒಂದು ಬೆಳಿಗ್ಗೆ ಪೆಟ್ಟಿಗೆ ತೆರೆದರೆ, ಹುಳುಗಳು ಕಟ್ಟಿದ ಮೇಣದ ಎರಿಯ ಮೇಲೆ ಕಡಲೆಕಾಯಿ ಗಾತ್ರದ ನಾಲ್ಕು ರಾಣಿ ಕೋಶಗಳು. ಹೊಸ ರಾಣಿ ಬೆಳೆಯುವ ಗೂಡು ಅವು. ಹೊಸ ರಾಣಿ ಬರುವ ಹೊತ್ತಿಗೆ ಹಳೆಯ ರಾಣಿ ಅರ್ಧ ಸಂಸಾರ ಕಟ್ಟಿಕೊಂಡು ಹಾರಿಹೋಗುತ್ತದೆ, ಕೋಶ ಕಂಡರೆ ಕಿತ್ತುಹಾಕಿ ಎಂದು ತರಬೇತಿಯಲ್ಲಿ ಹೇಳಿದ್ದರು. ಮೇಷ್ಟ್ರು ನಾಲ್ಕನ್ನೂ ಕಿತ್ತು, ಖುಷಿಯಾಗಿ ಕಾಫಿಗೆ ಕೂತರು.

ಮಧ್ಯಾಹ್ನ ಪೆಟ್ಟಿಗೆಯೊಳಗಿಂದ ಎಂದೂ ಕೇಳದ ಗೋಳಿನ ಮೊರೆತ. ಗಾಬರಿಯಿಂದ ತೆರೆದು ಒಂದೊಂದೇ ಎರಿಯನ್ನು ಬೆಳಕಿಗೆ ಹಿಡಿದು ಹುಡುಕಿದರು. ರಾಣಿ ಇಲ್ಲ. ರಾಣಿ ಇಟ್ಟ ಒಂದು ಮೊಟ್ಟೆಯೂ ಇಲ್ಲ. ಹಳೆಯ ರಾಣಿ ಯಾವಾಗಲೋ ಸತ್ತಿತ್ತು. ಪಾಪ, ಹುಳುಗಳು ಹೊಸದನ್ನು ಬೆಳೆಸಿಕೊಳ್ಳುತ್ತಿದ್ದವು. ಅದನ್ನೇ ಇವರು ಕೈಯಾರೆ ಕಿತ್ತಿದ್ದರು. ರಾಣಿಯಿಲ್ಲದೆ ಜೇನು ಸಂಸಾರ ಉಳಿಯುವುದಿಲ್ಲ.

'ಜೇನು ಹಾರಿಹೋಯಿತು' ಅಂದರೆ ಮುಗಿಯಿತು, ಯಾರು ನೋಡಿದವರು? ಹೀಗೊಂದು ಯೋಚನೆ ಬಂದದ್ದಕ್ಕೇ ಮೇಷ್ಟ್ರಿಗೆ ನಾಚಿಕೆಯಾಯಿತು. ಸೈಕಲ್ ಹತ್ತಿ ಪಕ್ಕದೂರಿಗೆ ಹೊರಟೇಬಿಟ್ಟರು.

"ತಾಯಮ್ಮ, ಕೆಲಸ ಕೆಡಿಸಿಬಿಟ್ಟೆ. ಮೊಟ್ಟೆ ಇದೆಯೋ ಇಲ್ಲವೋ ನೋಡದೆ ರಾಣಿ ಕೋಶ ಎಲ್ಲ ಕಿತ್ತುಬಿಟ್ಟೆ."

"ಯಾವಾಗ ಕಿತ್ತಿದ್ದು?"

"ಇವತ್ತು ಬೆಳಿಗ್ಗೆ."

"ಹಂಗಾದ್ರೆ ಹೆದರ್ಬೇಡಿ" ಅಂದ ಚಿಕ್ಕತಾಯಮ್ಮ, ತಮ್ಮ ಪೆಟ್ಟಿಗೆಯಿಂದ ಹೊಸ ಮೊಟ್ಟೆಗಳಿದ್ದ ಎರಿಯೊಂದನ್ನು ತೆಗೆದು, ಹುಳು ಕೊಡವಿ, ಒದ್ದೆ ಬಟ್ಟೆಯಲ್ಲಿ ಸುತ್ತಿಕೊಟ್ಟರು. "ನಿಮ್ಮ ಪೆಟ್ಟಿಗೆ ಮಧ್ಯಕ್ಕೆ ಇಡಿ. ಈ ಮೊಟ್ಟೇಲೇ ರಾಣಿ ಮಾಡ್ಕೋತವೆ. ತಿಂಗಳು ಸುಮ್ನಿದ್ದು ಬಂದಿದ್ರೆ ನನ್ ಕೈಲೂ ಆಗ್ತಿರ್ಲಿಲ್ಲ."

"ನಿಮಗೆ ಹೇಗಮ್ಮ ಇಷ್ಟೆಲ್ಲ ಗೊತ್ತು?"

"ನಾನು ಕಲಿಯೋವಾಗ ಹಿಂಗೇ ಎರಡು ಪೆಟ್ಟಿಗೆ ಕಳ್ಕೊಂಡೆ ಮೇಷ್ಟ್ರೇ. ನಾಚ್ಕೊಂಡು ಯಾರ್ಗೂ ಹೇಳ್ಲಿಲ್ಲ."

ಮೇಷ್ಟ್ರು ಎರಿಯನ್ನು ಮಗುವಿನಂತೆ ಎತ್ತಿಕೊಂಡು ಬಂದು ಪೆಟ್ಟಿಗೆಯ ಮಧ್ಯಕ್ಕೆ ಇಟ್ಟರು.

ತಿಂಗಳ ಮೇಲೆ ಒಂದು ಬೆಳಿಗ್ಗೆ ಎರಿಯನ್ನು ಬಿಸಿಲಿಗೆ ಹಿಡಿದರು. ಕಣ್ಣು ಕಿರಿದು ಮಾಡಿ ನೋಡಿದರೆ, ಎರಿಯ ಕೋಣೆಕೋಣೆಯಲ್ಲೂ ಹೊಸ ರಾಣಿ ಇಟ್ಟ ಒಂದೊಂದು ಬಿಳಿ ಮೊಟ್ಟೆ! "ಅಬ್ಬಾ, ಬದುಕಿದೆ!" ಎಂದು ಮೇಷ್ಟ್ರು ಹಿತ್ತಲ ಮಣ್ಣಲ್ಲೇ ಕೂತುಬಿಟ್ಟರು.

ನೀತಿ: ಓದಿ ಕಲಿಯುವವರೂ ಮಾಡಿ ಕಲಿಯುವವರೂ ತಪ್ಪುತ್ತಾರೆ, ಅದರಲ್ಲಿ ನಾಚಿಕೆಯೇನಿಲ್ಲ. ಕಾಲ ಮೀರುವ ಮೊದಲೇ ಬಾಯಿಬಿಟ್ಟು ಹೇಳಿದರೆ ತಪ್ಪನ್ನು ತಿದ್ದಬಹುದು. ಮುಚ್ಚಿಟ್ಟರೆ ಅದು ನಷ್ಟವಾಗಿ ಉಳಿಯುತ್ತದೆ.