ಕಾಡು ದಾಟಿಸಿದ ಚೂರಿ

ಕಾಡಂಚಲ್ಲಿ ಕೆಂಪವ್ವ ಅಂತ ಒಬ್ಳು ಇದ್ಳು ಕಣ್ರಪ್ಪಾ. ಅವಳ ಮಗ ಜವರ. ಆಳು ನೋಡಿದ್ರೆ ಆನೆ, ಬುದ್ಧಿ ಮಾತ್ರ ಹೇಳಿದಷ್ಟೇ! ಕಾಡಿನಾಚೆ ಊರಲ್ಲಿ ಮಗಳು ಮಾದೇವಿ ಹೆತ್ತಿದ್ಳು. ಬಾಣಂತಿಗೆ ಅಂಟಿನುಂಡೆ ಕಳಿಸ್ಬೇಕು. ಕೆಂಪವ್ವಂಗೋ ಕಾಲು ಊತ. ಇನ್ಯಾರು ಹೋಗ್ಬೇಕು? ಜವರನೇ!

ಕುಲುಮೆ ಚಿನ್ನಾಚಾರಿ ಮಾಡಿಕೊಟ್ಟ ಚೂರಿ ಇತ್ತು ಮನೇಲಿ. ಲಾರಿಯ ಉಕ್ಕಿನ ಪಟ್ಟಿ ಕಾಯ್ಸಿ ಬಡಿದ ಅಲಗು, ಹುಣಸೆ ಮರದ ಹಿಡಿ. ಸೌದೆ ಸೀಳ್ತದೆ, ಬಿದಿರು ಕಡೀತದೆ, ಮೊಂಡಾಗೋದೇ ಇಲ್ಲ. ಎಂಥ ಚೂರಿ ಅಂತೀರಿ!

"ಕಾಡು ಕಣ್ಲಾ ಮಗಾ. ಏನೇ ಆಗ್ಲಿ, ಚೂರಿ ಕೈಬಿಡ್ಬೇಡ!"

"ಬಿಡಾಕಿಲ್ಲ ಕಣವ್ವ!"

ಹೊಳೇಲಿ ಕಾಲು ಜಾರ್ತು. ಒಂದು ಕೈಲಿ ಚೂರಿ, ಇನ್ನೊಂದ್ರಲ್ಲಿ ಉಂಡೆ ಗಂಟು. ಕೊಂಬೆ ಹಿಡ್ಕೋಬೇಕು. ಗಂಟು ಬಿಟ್ಟ! ಉಂಡೆಯೆಲ್ಲ ಮೀನಿಗಾಯ್ತು. ಹಂಗೇ ಮನೆಗೆ ಬಂದ.

"ಗಂಟು ಬಿಟ್ಟೆ, ಚೂರಿ ಬಿಡ್ಲಿಲ್ಲ ಕಣವ್ವ!"

"ಅಯ್ಯೋ ಪೆದ್ದ ಮುಂಡೇದೆ! ಚೂರಿ ಸೊಂಟದಲ್ಲಿ, ಒರೆಯೊಳಗೆ ಇರ್ಬೇಕು!"

ಮತ್ತೆ ಉಂಡೆ ಕಟ್ಟಿದ್ಳು. ಮತ್ತೆ ಹೊರಟ. ದಾರಿ ತುಂಬ ಮುಳ್ಳುಪೊದೆ. ಚೂರಿ ಒರೆಯೊಳಗೇ ಇತ್ತು, ಜವರ ಪೊದೆಯೊಳಗೆ ನುಗ್ಗಿದ. ಅಂಗಿ ಹರೀತು, ಮೈ ತರಚ್ತು, ಗಂಟು ಮುಳ್ಳಿಗೆ ಸಿಕ್ಕಿ ಉಂಡೆಯೆಲ್ಲ ಚೆಲ್ಲಿಹೋಯ್ತು.

"ಅಷ್ಟೊಳ್ಳೆ ಚೂರಿ ಇಟ್ಕೊಂಡು ಮುಳ್ಳಿಗೆ ಮೈ ಕೊಟ್ಯಲ್ಲೋ! ಅಡ್ಡ ಬಂದದ್ದನ್ನ ಕಡೀಬೇಕು ಕಣ್ಲಾ!"

ಮತ್ತೆ ಉಂಡೆ ಕಟ್ಟಿ, ತನ್ನ ಹಳೆ ಸೀರೆ ತುಂಡಲ್ಲಿ ಗಂಟು ಹಾಕಿ ಕೊಟ್ಳು. ಕಡಿದ ನೋಡಿ! ಪೊದೆ ಅಡ್ಡ ಬಂತು, ಕಡಿದ. ಬಳ್ಳಿ ಅಡ್ಡ ಬಂತು, ಕಡಿದ. ಎಮ್ಮೆ ಕಟ್ಟಿದ ಹಗ್ಗ ಅಡ್ಡ ಬಂತು, ಅದನ್ನೂ ಕಡಿದ! ಎಮ್ಮೆ ಓಡ್ತು. ಎಮ್ಮೆ ಹಿಂದೆ ಎಮ್ಮೆಯವನು, ಅವನ ಹಿಂದೆ ಜವರ. ಹಿಡಿಯೋ ಹೊತ್ತಿಗೆ ಹೊತ್ತು ಮುಳುಗ್ತು.

ಎಮ್ಮೆಯವನು ಮನೆಗೇ ಬಂದ, ಬೈಯೋಕೆ.

"ನಿನ್ ಮಗ ನನ್ ಹಗ್ಗ ಕಡಿದ ಕಣವ್ವ! ಒಂದೇ ಏಟಿಗೆ! ಹೊಸ ಹಗ್ಗ! ಅಬ್ಬಬ್ಬ, ಯಾರು ಮಾಡಿದ್ದು ಆ ಚೂರಿ?"

ಕೆಂಪವ್ವ ತಲೆ ಚಚ್ಕೊಂಡ್ಳು. ಅತ್ತ ಮಗಳು ಕಾಯ್ತಾ ಅವ್ಳೆ, ಇತ್ತ ಇವನು ಹಿಂಗೆ!

"ಬೆಳಗ್ಗೆ ಇನ್ನೊಂದ್ಸಲ ಹೋಗಪ್ಪ. ನೀನೇನೂ ಬುದ್ಧಿ ಓಡಿಸ್ಬೇಡ. ಆ ಚೂರಿ ಒಂದಿದ್ರೆ ಸಾಕು, ಅದೇ ಕಾಡು ದಾಟಿಸ್ತದೆ!"

ಬೆಳಗ್ಗೆ ಹೋದ, ಗಳಿಗೇಲೇ ಬಂದ. ಬರಿಗೈ!

"ಗಂಟೆಲ್ಲೋ?"

"ಚೂರಿ ಸೊಂಟಕ್ಕೆ ಕಟ್ಟಿ, ದಾರೀಲಿ ಬಿಟ್ಟು ಬಂದೆ."

"ಯಾರ ಸೊಂಟಕ್ಕೋ?"

"ಗಂಟಿನ ಸೊಂಟಕ್ಕೆ! ಚೂರಿನೇ ದಾಟಿಸ್ತದೆ ಅಂದ್ಯಲ್ಲವ್ವ!"

ಕೆಂಪವ್ವ ಕುಂಟ್ಕೊಂಡು ಓಡಿದ್ಳು. ಅಲ್ಲಿ ಗಂಟೂ ಇಲ್ಲ, ಚೂರಿಯೂ ಇಲ್ಲ. ಗೊಳೋ ಅಂತ ಅತ್ಳು.

ಮಾರನೇ ದಿನ ಅಳಿಯ ಬಂದ, ಕೈಲಿ ಅದೇ ಚೂರಿ!

"ಅತ್ತೆ, ನಿಮ್ಮನ್ನ ನೋಡೋಕೆ ಅಂತ ನಿನ್ನೆ ಬರ್ತಿದ್ದೆ. ದಾರೀಲಿ ಗಂಟು ಸಿಕ್ತು. ನಿಮ್ ಸೀರೆ ತುಂಡು ಗುರುತು ಸಿಕ್ತು, ಬಾಣಂತಿಗೇ ಇರ್ಬೇಕು ಅಂತ ಹಂಗೇ ಹಿಂದಕ್ಕೆ ಒಯ್ದೆ. ಮಾದೇವಿ ಉಂಡೆ ತಿಂದು ನಗ್ತಾ ಅವ್ಳೆ."

ಕೆಂಪವ್ವನ ಹೊಟ್ಟೆ ತಣ್ಣಗಾಯ್ತು. ಅಳಿಯಂಗೆ ಮುದ್ದೆ ಬಡಿಸೋಣ ಅಂತ ಎದ್ಳು. ಮುದ್ದೆಯೇ ಇಲ್ಲ! ಮೂಲೇಲಿ ನೋಡ್ತಾಳೆ, ಚಾಪೆ ಮೇಲೆ ಚೂರಿ, ಮೇಲೊಂದು ಕಂಬಳಿ, ಪಕ್ಕದಲ್ಲಿ ಮುದ್ದೆ, ಚೆಂಬಲ್ಲಿ ನೀರು. ಜವರ ಗಾಳಿ ಬೀಸ್ತಾ ಕೂತವ್ನೆ.

"ಏನ್ಲಾ ಇದು!"

"ಉಶ್! ಮೆತ್ತಗೆ ಮಾತಾಡವ್ವ. ಪಾಪ, ಅಷ್ಟು ದೂರ ನಡೆದು ಬಂದದೆ, ಈಗ ತಾನೆ ಕಣ್ಣು ಮುಚ್ತು!"