ಆಕಾಶಕ್ಕೆ ಹೋದ ಹಬೆ

"ಗುರುಗಳೇ, ಬೆಳಿಗ್ಗೆ ಧ್ಯಾನಕ್ಕೆ ಕುಳಿತಾಗ ನನ್ನೊಳಗೆ ಎಂಥದೋ ಆನಂದ ಉಕ್ಕಿ ಬರುತ್ತದೆ. ಮಧ್ಯಾಹ್ನದ ಊಟದ ಹೊತ್ತಿಗೆ ಅದರ ಸುಳಿವೂ ಇರುವುದಿಲ್ಲ. ಅದು ಎಲ್ಲಿಗೆ ಹೋಗುತ್ತದೆ?" ಎಂದು ಶಿಷ್ಯ ಅಡವೆಯ್ಯ ಕೇಳಿದ.

ಕೇಳುವಾಗ ಅವನ ಕಣ್ಣು ತುಂಬಿತ್ತು. ಆ ಆನಂದ ಉಳಿಯದಿದ್ದರೆ ಮಠ ಬಿಟ್ಟು ಹೋಗುವುದೇ ಲೇಸೆಂದು ಅವನು ಗಂಟುಮೂಟೆ ಕಟ್ಟಿಟ್ಟಿದ್ದ. ಈ ಸಂಗತಿ ಗುರುಗಳಿಗೆ ಆಗಲೇ ಗೊತ್ತಿತ್ತು. ಅಡುಗೆಯವರು ಹೇಳಿದ್ದರು, ಹಾಲಿನವನು ಹೇಳಿದ್ದ, ಮಠದ ಮುಂದೆ ಹೂ ಮಾರುವಾಕೆಯೂ ಹೇಳಿದ್ದಳು. ಆನಂದ ಬಂದ ಸುದ್ದಿಯನ್ನಾಗಲಿ ಹೋದ ಸುದ್ದಿಯನ್ನಾಗಲಿ ಅಡವೆಯ್ಯ ಯಾರಿಗೂ ಹೇಳದೆ ಬಿಟ್ಟಿರಲಿಲ್ಲ.

ಗುರುಗಳು ಒಂದು ಕತೆ ಹೇಳಿದರು.

ಒಬ್ಬ ವರ್ತಕನಿದ್ದ. ಅವನ ಊರಿನ ಹೊರಗೆ ಬಿಸಿನೀರಿನ ಬುಗ್ಗೆಯೊಂದಿತ್ತು. ಊರವರು ಬಟ್ಟೆಯಲ್ಲಿ ಅಕ್ಕಿ ಕಟ್ಟಿ ಅದರೊಳಗೆ ಇಳಿಬಿಟ್ಟು, ಸ್ನಾನ ಮುಗಿಸಿ ಬರುವಷ್ಟರಲ್ಲಿ ಅನ್ನ ಎತ್ತಿಕೊಳ್ಳುತ್ತಿದ್ದರು. ಸೌದೆಯ ಚಿಂತೆ ಇರಲಿಲ್ಲ. ಆದರೆ ಊರಿನಲ್ಲಿ ವಿದ್ಯುತ್ತೂ ಇರಲಿಲ್ಲ. ವರ್ತಕನ ಮಗಳಿಗೆ ಗಂಡು ಗೊತ್ತಾಯಿತು. ಹುಡುಗ ಹುಡುಗಿ ಒಬ್ಬರನ್ನೊಬ್ಬರು ಮೆಚ್ಚಿದರು. ಹುಡುಗನ ತಂದೆ ಮಾತ್ರ, ದೀಪವಿಲ್ಲದ ಊರಿಗೆ ದಿಬ್ಬಣ ತರುವುದಿಲ್ಲವೆಂದು ಪಟ್ಟು ಹಿಡಿದ. ಮಗಳು ಊಟ ಬಿಟ್ಟಳು. ಅವಳೆಂದರೆ ವರ್ತಕನಿಗೆ ಪ್ರಾಣ.

ಬುಗ್ಗೆಯಲ್ಲೇ ಇಷ್ಟು ಕಾವಿದ್ದರೆ ಇನ್ನೂ ಆಳದಲ್ಲಿ ಹಬೆಯೇ ಇರಬೇಕು, ಅದರಿಂದ ಯಂತ್ರ ತಿರುಗಿಸಿ ವಿದ್ಯುತ್ ತೆಗೆಯಬಹುದು ಎಂದು ಒಬ್ಬ ಎಂಜಿನಿಯರ್ ಹೇಳಿದ. ವರ್ತಕ ಬಾವಿ ಕೊರೆಸಿದ. ಮೊದಲನೆಯದರಲ್ಲಿ ಕೆಸರು ಬಂತು. ಎರಡನೆಯದರಲ್ಲಿ ಕೊರೆಯುವ ಉಪಕರಣವೇ ಒಳಗೆ ಸಿಕ್ಕಿಕೊಂಡಿತು. ನೆಂಟರು ಬಿದ್ದು ಬಿದ್ದು ನಕ್ಕರು. ಮತ್ತೊಂದು ಕೊರೆಸಿದಾಗ ನೆಲ ಗುಡುಗಿತು, ತೆಂಗಿನ ಮರಗಳನ್ನು ಮೀರಿ ಬಿಳಿ ಹಬೆ ಚಿಮ್ಮಿತು. ನಕ್ಕ ನೆಂಟರೇ ಮೊದಲು ಓಡಿಬಂದು ಬಾಯಿ ಬಿಟ್ಟುಕೊಂಡು ನಿಂತರು. ವರ್ತಕನಿಗೆ ಸ್ವರ್ಗಕ್ಕೆ ಮೂರೇ ಗೇಣು.

ಎಂಜಿನಿಯರ್ ಬಾವಿಯ ಬಾಯಿಗೆ ಎರಡು ವಾಲ್ವ್ ಕೂರಿಸಿದ. ಒಂದನ್ನು ತೆರೆದರೆ ಹಬೆ ಆಕಾಶಕ್ಕೆ, ಇನ್ನೊಂದನ್ನು ತೆರೆದರೆ ಯಂತ್ರಕ್ಕೆ. ಆಕಾಶದ ವಾಲ್ವ್ ಇರುವುದು ಬಾವಿಯನ್ನು ಪರೀಕ್ಷಿಸುವುದಕ್ಕೆ ಮಾತ್ರ ಎಂದು ಒತ್ತಿ ಹೇಳಿದ. ವರ್ತಕ ತಲೆಯಾಡಿಸಿದ. ಯಂತ್ರ ಬರುವ ತನಕ ಅವನು ಬಾವಿಯನ್ನು ಪರೀಕ್ಷಿಸಿದ್ದೇ ಪರೀಕ್ಷಿಸಿದ್ದು. ತಹಶೀಲ್ದಾರರು ಬಂದರೆ ಪರೀಕ್ಷೆ, ಷಡ್ಡಕ ಬಂದರೆ ಪರೀಕ್ಷೆ, ದಾರಿ ತಪ್ಪಿದ ಬಸ್ಸು ಬಂದರೂ ಪರೀಕ್ಷೆ. ಹಬೆ ಏಳುತ್ತಿತ್ತು, ಜನ ಚಪ್ಪಾಳೆ ತಟ್ಟುತ್ತಿದ್ದರು, ವರ್ತಕ ತಾನೇ ನೆಲದೊಳಗೆ ಕುಳಿತು ಒಲೆ ಊದಿದವನಂತೆ ಮೀಸೆ ತಿರುವುತ್ತಿದ್ದ.

ಯಂತ್ರ ಬಂತು. ಹಬೆ ಅದರೊಳಗೆ ಹೋಯಿತು, ಊರಿನ ದೀಪಗಳೆಲ್ಲ ಹೊತ್ತಿಕೊಂಡವು. ಆದರೆ ಬಾವಿಯ ಬಳಿ ನೋಡುವುದಕ್ಕೆ ಏನೂ ಉಳಿಯಲಿಲ್ಲ. ಒಂದು ಕೊಳವೆ, ಒಂದು ತಗಡಿನ ಮನೆ, ಒಳಗೆ ಗುಂಯ್ ಎನ್ನುವ ಸದ್ದು. ನೋಡಲು ಬಂದವರು, ಪಾಪ, ಸಾಹುಕಾರರ ಹಬೆ ಆರಿಹೋಯಿತೆಂದು ಕನಿಕರ ತೋರಿಸಿ ಹೋದರು. ಬೀದಿ ದೀಪದ ಬೆಳಕಿನಲ್ಲಿ ನಿಂತೇ ಹಾಗೆ ಮಾತಾಡಿಕೊಂಡರು. ವರ್ತಕನಿಗೆ ಅನ್ನ ಸೇರಲಿಲ್ಲ.

ಮದುವೆಯ ದಿನ ಬಂತು. ಗೋಧೂಳಿ ಮುಹೂರ್ತ. ಚಪ್ಪರದ ತುಂಬ ದೀಪ. ದಿಬ್ಬಣ ಬಂದಿಳಿಯಿತು. ಬೀಗರು ದೀಪಗಳನ್ನು ನೋಡಿದರು, ಒಪ್ಪಿದರು. ಅಲ್ಲಿಗೆ ಸುಮ್ಮನಿದ್ದಿದ್ದರೆ ಆಗುತ್ತಿತ್ತು.

"ದೀಪ ಎಲ್ಲಾ ಊರಲ್ಲೂ ಇರ್ತವೆ ಬೀಗರೇ. ಮುಗಿಲಿಗೆ ಏಳ್ತದಂತಲ್ಲ ನಿಮ್ಮ ಹಬೆ, ಅದೆಲ್ಲಿ?" ಎಂದರು.

"ಒಂದೇ ನಿಮಿಷ, ತೋರಿಸ್ತೀನಿ!" ಎಂದ ವರ್ತಕ ಪಂಚೆ ಎತ್ತಿ ಕಟ್ಟಿ ಓಡಿದ.

ಎಂಜಿನಿಯರ್ ಹಿಂದೆಯೇ ಓಡಿ, ಬೇಡವೆಂದು ಕೈ ಮುಗಿದ. ವರ್ತಕ ಆಕಾಶದ ವಾಲ್ವನ್ನು ಪೂರ್ತಿ ತಿರುಗಿಸಿದ. ಹೊರಗಿನ ಮಬ್ಬು ಬೆಳಕಿನಲ್ಲಿ ಹಬೆ ಎದ್ದಿತು. ದಿಬ್ಬಣದವರು ಅರ್ಧಕ್ಕರ್ಧ ಚಪ್ಪರದಿಂದ ಹೊರಬಿದ್ದು ಹೋ ಎಂದರು. ಒಳಗೆ ಸರಿಯಾಗಿ ಅದೇ ಗಳಿಗೆಗೆ ಅಂತರಪಟ ಸರಿಯಿತು, ಯಂತ್ರಕ್ಕೆ ಹಬೆ ಸಾಲದೆ ದೀಪಗಳೆಲ್ಲ ಒಟ್ಟಿಗೆ ಹೋದವು. ಮುಹೂರ್ತ ಮೀರುತ್ತದೆಂದು ಪುರೋಹಿತರು ಅವಸರ ಮಾಡಿದರು. ಕತ್ತಲಲ್ಲಿ ಮಗಳು ಹಾಕಿದ ಹಾರ, ಹಬೆ ಚೆನ್ನಾಗಿ ಕಾಣಲೆಂದು ಮಗನ ಪಕ್ಕದಲ್ಲಿ ಹಸೆಮಣೆ ಹತ್ತಿ ಇಣುಕುತ್ತಿದ್ದ ಬೀಗರ ಕೊರಳಿಗೆ ಬಿತ್ತು. ಅವರು ಹೌಹಾರಿ, ದಿಬ್ಬಣ ವಾಪಸ್ ಎಂದು ಕೂಗಿಕೊಂಡರು. ಮಗಳು, "ಅಪ್ಪಾ, ದೀಪ!" ಎಂದು ಅತ್ತಳು.

ವಾಲ್ವಿನ ಬಳಿ ನಿಂತಿದ್ದ ವರ್ತಕನಿಗೆ ಎರಡೂ ಕೇಳಿಸುತ್ತಿತ್ತು, ಈ ಕಡೆ ಚಪ್ಪಾಳೆ, ಆ ಕಡೆ ಮಗಳ ಅಳು. ಹೇಳುವುದಕ್ಕೆ ನಾಚಿಕೆ, ಆದರೂ ಹೇಳಬೇಕು: ಅವನು ಒಂದು ಕ್ಷಣ ಯೋಚಿಸಿದ. ಆಮೇಲೆ ಮುಚ್ಚಿದ.

ಹಬೆ ಕುಸಿಯಿತು. ಜನ ಇಷ್ಟೇನಾ ಎಂದುಕೊಂಡು ಒಳಗೆ ಹೋದರು. ದೀಪ ಬಂತು. ಹಾರ ಸರಿಯಾದ ಕೊರಳಿಗೆ ಬಿತ್ತು. ಬೀಗರೂ ತಮ್ಮ ಹಾರ ತೆಗೆದಿಟ್ಟು, ಏನೂ ಆಗದವರಂತೆ ಅಕ್ಷತೆ ಹಾಕಿದರು. ವರ್ತಕನ ಕಡೆಗೆ ಒಬ್ಬರೂ ತಿರುಗಿ ನೋಡಲಿಲ್ಲ. ಅವನು ದೂರದಿಂದ ಮಗಳ ಮುಖ ನೋಡಿದ. ಅಷ್ಟು ಬೆಳಕಿನಲ್ಲಿ ಆ ಮುಖವನ್ನು ಅವನು ಎಂದೂ ನೋಡಿರಲಿಲ್ಲ. ಸಂತೋಷಕ್ಕೆ ಅವನಿಗೆ ಅಳು ಬಂತು.

ಗುರುಗಳು ಕತೆ ನಿಲ್ಲಿಸಿದರು. ಅಡವೆಯ್ಯನ ಮೈ ಜುಮ್ಮೆಂದಿತು. ಬೆಳಗಿನ ಆನಂದವೇ ಮತ್ತೆ ಒಳಗಿನಿಂದ ಉಕ್ಕಿ ಬಂತು. ಅವನು ಧಡಕ್ಕನೆ ಎದ್ದ.

"ತಿಳಿಯಿತು ಗುರುಗಳೇ, ಎಲ್ಲ ತಿಳಿಯಿತು! ಇರಿ, ಅಡುಗೆಮನೆಯವರಿಗೆ ಹೇಳಿಬಂದುಬಿಡುತ್ತೇನೆ" ಎಂದು ಬಾಗಿಲಿಗೆ ಓಡಿದ.

ಹೊಸ್ತಿಲ ಮೇಲೆ ಎತ್ತಿಟ್ಟ ಕಾಲು, ಹಿಂದಿನಿಂದ ಬಂದ ಮಾತಿಗೆ ಅಲ್ಲೇ ನಿಂತಿತು. ಗುರುಗಳು ಹೇಳಿದ್ದು ಇಷ್ಟೇ:

"ಅಡವೆಯ್ಯಾ, ದೀಪ ಹೋಯಿತು."