ಇಳಿತದ ಪೆನ್ನಿ

ಸೇತುವೆ ಅನ್ನುವ ಮಾತೇ ಇನ್ನೂ ಯಾರ ಬಾಯಿಗೂ ಬಂದಿರದ ಕಾಲ. ಹೊಳೆ ಸಮುದ್ರ ಸೇರುವ ಅಳಿವೆಯ ಬಾಯಲ್ಲಿ ಹಳೇತಾರಿ ಅಂತ ಒಂದು ಊರಿತ್ತಂತೆ. ಆ ಊರಲ್ಲಿ ಹಮ್ಮಣ್ಣ ಅಂಬಿಗ ಅಂತ ಒಬ್ಬ ದೋಣಿ ದಾಟಿಸುವವನಿದ್ದನಂತೆ. ಅವನ ದೋಣಿ ಎಷ್ಟು ಉದ್ದ ಅಂದರೆ, ಮುಂದಿನ ತುದಿ ಆಚೆ ದಡ ಮುಟ್ಟುವಾಗ ಹಿಂದಿನ ತುದಿ ಈಚೆ ದಡದಲ್ಲೇ ಇರುತ್ತಿತ್ತು ಅಂತಾರೆ. ಹಾಗಿದ್ದರೆ ಹುಟ್ಟು ಹಾಕುವ ಅಗತ್ಯ ಏನಿತ್ತು ಅಂತ ಕೇಳಬೇಡಿ. ಕೇಳಿದವರಿಗೆ ಈ ಕಥೆ ಮುಂದಕ್ಕೆ ಹೋಗುವುದಿಲ್ಲ.

ಆಗೆಲ್ಲ ಸಾಗವಾನಿ ಮರ ತುಂಬಿಕೊಳ್ಳಲಿಕ್ಕೆ ಬಿಳಿಯರ ಹಡಗುಗಳು ಅಳಿವೆಯ ಹೊರಗೆ ಬಂದು ನಿಲ್ಲುತ್ತಿದ್ದವು. ಹಡಗಿನವರು ಊರು ನೋಡಲು ಇಳಿದರೆ ಹಮ್ಮಣ್ಣನ ದೋಣಿಯೇ ಗತಿ. ಅವರ ಕಿಸೆಯಲ್ಲಿ ಇರುತ್ತಿದ್ದದ್ದು ಅವರ ದೇಶದ ಪೆನ್ನಿ. ಅಂಗೈ ಅರ್ಧ ತುಂಬುವ ಕಂದು ಬಣ್ಣದ ಕಂಚಿನ ಬಿಲ್ಲೆ. ಒಂದು ಮಗ್ಗುಲಲ್ಲಿ ಅವರ ರಾಣಿಯದೋ ರಾಜನದೋ ಮುಖ, ಇನ್ನೊಂದು ಮಗ್ಗುಲಲ್ಲಿ ಮೂರು ಮೊನೆಯ ಈಟಿ ಹಿಡಿದು ಸಮುದ್ರದ ಬದಿಗೆ ಕೂತ ಒಬ್ಬ ಹೆಂಗಸು. ಹಮ್ಮಣ್ಣ ಮೊದಲ ಬಿಲ್ಲೆಯನ್ನು ಅಂಗಡಿಗೆ ಒಯ್ದ. ಅಂಗಡಿಯವನು ಅದನ್ನು ಕಚ್ಚಿ ನೋಡಿ, ಮೂಸಿ ನೋಡಿ, ಇದಕ್ಕೆ ನಮ್ಮಲ್ಲಿ ಒಂದು ಉಪ್ಪಿನ ಹರಳೂ ಬರುವುದಿಲ್ಲ ಅಂತ ವಾಪಸು ಕೊಟ್ಟನಂತೆ.

ಖರ್ಚಾಗುವ ದುಡ್ಡನ್ನು ಯಾರೂ ನೋಡುವುದಿಲ್ಲ. ಖರ್ಚಾಗದ್ದನ್ನು ಇನ್ನೇನು ಮಾಡುವುದು? ಹಮ್ಮಣ್ಣ ನೋಡತೊಡಗಿದ. ಜನ ತುಂಬುವ ತನಕ ದೋಣಿಯಲ್ಲಿ ಕೂತು, ಪಂಚೆಯ ತುದಿಯಲ್ಲಿ ಉಜ್ಜಿ ಉಜ್ಜಿ ನೋಡತೊಡಗಿದ. ನೋಡ್ತಾ ನೋಡ್ತಾ, ಎಲ್ಲ ಬಿಲ್ಲೆಗಳೂ ಒಂದೇ ಅಲ್ಲ ಅಂತ ಗೊತ್ತಾಯಿತು. ಕೆಲವುಗಳಲ್ಲಿ ರಾಣಿ ಪ್ರಾಯದವಳು, ತುರುಬು ಕಟ್ಟಿದವಳು. ಇನ್ನು ಕೆಲವುಗಳಲ್ಲಿ ಅದೇ ರಾಣಿ ಮುದುಕಿಯಾಗಿ ತಲೆಯ ಮೇಲೆ ಸೆರಗು ಹೊದ್ದವಳು. ಆಮೇಲೆ ಬೋಳುತಲೆಯ ಗಡ್ಡದ ರಾಜ. ಇವನು ಅವಳ ಮಗನೇ ಸೈ, ಮೂಗು ಅವಳದೇ ಅಂತ ಹಮ್ಮಣ್ಣ ಯಾರೂ ಹೇಳದೆ ಕಂಡುಹಿಡಿದ. ತುರುಬಿನ ರಾಣಿಯ ಬಿಲ್ಲೆಯಲ್ಲಿ ಈಟಿಯಮ್ಮನ ಆ ಬದಿಗೆ ದೀಪದ ಕಂಬ, ಈ ಬದಿಗೆ ಹಡಗು ಇರುತ್ತಿತ್ತು. ಸೆರಗಿನ ರಾಣಿಯ ಕಾಲಕ್ಕೆ ಎರಡೂ ಮಾಯ. ಆ ದೀಪ ಯಾರು ಆರಿಸಿದರು, ಹಡಗು ಎಲ್ಲಿ ಮುಳುಗಿತು ಅಂತ ದೋಣಿ ಹತ್ತಿದವರನ್ನೆಲ್ಲ ಕೇಳುತ್ತಿದ್ದನಂತೆ. ಬಿಲ್ಲೆ ಬಿದ್ದ ಸದ್ದಿಗೇ ಯಾವ ರಾಣಿ ಅಂತ ಹೇಳುತ್ತಿದ್ದ ಅನ್ನುವವರಿದ್ದಾರೆ. ಅದು ಶುದ್ಧ ಸುಳ್ಳು. ಮೂಸಿ ಹೇಳುತ್ತಿದ್ದ, ಅಷ್ಟೇ.

ಹೆಂಡತಿ ಬೈದು ಬೈದು ಸೋತಳಂತೆ. "ಅಕ್ಕಿ ತಾ ಅಂದ್ರೆ ಬಿಲ್ಲೆ ತರ್ತೀಯ. ಇವತ್ತು ಅದನ್ನೇ ಬೇಯ್ಸಿ ಬಡಿಸ್ತೆ. ಗಡ್ಡದ ರಾಜನ್ನ ಮೊದ್ಲು ಉಣ್ತೀಯೋ, ಸೆರಗಿನ ರಾಣೀನ ಮೊದ್ಲು ಉಣ್ತೀಯೋ, ಹೇಳು!"

ಇದ್ದ ಬಿಲ್ಲೆಗಳಲ್ಲೆಲ್ಲ ಹಮ್ಮಣ್ಣನ ಜೀವ ಇದ್ದದ್ದು ಒಂದರಲ್ಲಿ. ಗಡ್ಡದ ರಾಜನ ಪೆನ್ನಿಗಳಲ್ಲಿ ಸಮುದ್ರದ ನೀರು ಈಟಿಯಮ್ಮ ಕಾಲ ಮೇಲೆ ಕಾಲು ಹಾಕಿದ ಮಟ್ಟಕ್ಕೆ ಮುಟ್ಟುತ್ತದೆ. ಈ ಒಂದರಲ್ಲಿ ಮಾತ್ರ ನೀರು ಒಂದು ಅಕ್ಕಿಕಾಳಿನಷ್ಟು ಕೆಳಗಿತ್ತು. ರಾಜ ಅವನೇ, ವರ್ಷ ಅದೇ, ನೀರು ಮಾತ್ರ ಬೇರೆ. ದಿನಕ್ಕೆ ಎರಡು ಸಲ ಏರುವ ಭರತ, ಎರಡು ಸಲ ಇಳಿಯುವ ಇಳಿತ ನೋಡಿ ಬೆಳೆದವನಿಗಲ್ಲದೆ ಮತ್ಯಾರಿಗೆ ಅದು ಕಂಡೀತು? ಇದು ಇಳಿತದ ಹೊತ್ತಲ್ಲಿ ಮಾಡಿದ ಪೆನ್ನಿ ಅಂತ ಹಮ್ಮಣ್ಣ ತೀರ್ಮಾನ ಮಾಡಿದ. ಊರಿನ ಒಬ್ಬೊಬ್ಬರನ್ನೂ ಹಿಡಿದು ಕೂರಿಸಿ ತೋರಿಸಿದ. ಕೊನೆಗೆ ಹಳೇತಾರಿಯಲ್ಲಿ ಭರತದ ಪೆನ್ನಿ, ಇಳಿತದ ಪೆನ್ನಿ ಗೊತ್ತಿಲ್ಲದವರು ಅಂದರೆ ಎಮ್ಮೆಗಳು ಮಾತ್ರ ಅಂತಾರೆ.

ಆ ದೋಣಿಯ ಎರಡನೇ ಹುಟ್ಟು ಮಂಕಾಳಿಯದು. ಹಮ್ಮಣ್ಣನ ಬಾಲ್ಯದ ಜತೆಗಾರ. ಒಂದು ವರ್ಷ ಮಂಕಾಳಿ ಹಡಗಿನ ಖಲಾಸಿಯಾಗಿ ಹೊರಟ. ಅವನ ಹೆಂಡತಿ ಸೋಮಿ, ಊರ ಯಜಮಾನರು, ಎಲ್ಲರೂ ದಡಕ್ಕೆ ಬಂದಿದ್ದರು. ಹಮ್ಮಣ್ಣನಿಗೆ ಎದೆ ತುಂಬಿ ಬಂತು. ನನ್ನ ಇಳಿತದ ಪೆನ್ನಿಯನ್ನೇ ನಿನಗೆ ಕೊಡ್ತೆ, ಮರಳಿ ಬಂದು ತೋರಿಸು ಅಂತ ಎಲ್ಲರ ಎದುರಿಗೆ ಹೇಳಿಬಿಟ್ಟ. ಜನ ಅಬ್ಬಾ ಅಂದರು. ಹಮ್ಮಣ್ಣ ಸೊಂಟದ ಗಂಟಿಗೆ ಕೈ ಹಾಕಿದ. ಅಲ್ಲಿ ಎರಡಿದ್ದವು, ಒಂದು ಇಳಿತದ್ದು, ಒಂದು ಭರತದ್ದು. ಬೆರಳಿಗೆ ಯಾವುದು ಯಾವುದು ಅಂತ ಗೊತ್ತಿತ್ತು. ಬೆರಳು ಒಂದು ಗಳಿಗೆ ನಿಂತಿತು. ಹೊರಗೆ ಬಂದದ್ದು ಭರತದ್ದು.

ಯಾರಿಗೆ ತಿಳಿದೀತು, ಒಂದು ಅಕ್ಕಿಕಾಳಿನಷ್ಟು ನೀರು! ಮಂಕಾಳಿ ಅದನ್ನು ನೋಡದೆ ಬಟ್ಟೆಯಲ್ಲಿ ಸುತ್ತಿ ಉಡಿದಾರಕ್ಕೆ ಕಟ್ಟಿಕೊಂಡು ಹೊರಟುಹೋದ. ಹಮ್ಮಣ್ಣ ಇಳಿತದ ಪೆನ್ನಿಯನ್ನು ಗುಡಿಸಲ ಮಾಡಿಗೆ ಹೊದಿಸಿದ ತೆಂಗಿನ ಮಡಲ ಎಡೆಯಲ್ಲಿ ಸಿಕ್ಕಿಸಿಟ್ಟ. ನೋಡಲಿಕ್ಕೆ ಅಂತ ಇಟ್ಟುಕೊಂಡದ್ದನ್ನು ಆಮೇಲೆ ಒಂದು ದಿನವೂ ನೋಡಲಾರದೆ ಹೋದ.

ಏಳು ವರ್ಷ ಅಂತಾರೆ, ಹನ್ನೆರಡು ಅಂತಾರೆ. ಜಗಳ ಬೇಡ, ಹನ್ನೆರಡು ಅನ್ನಿ. ಕೊನೆಯ ವರ್ಷ ಒಬ್ಬ ಬಂದು ನಾನೇ ಮಂಕಾಳಿ ಅಂದ. ನೋಡಲಿಕ್ಕೂ ಸುಮಾರು ಹಾಗೇ ಇದ್ದ. ಸೋಮಿಯ ತವರಿನ ಹೆಸರು ಹೇಳಿದ, ಮನೆಯ ಆಡಿನ ಹೆಸರೂ ಹೇಳಿದ. ಪೆನ್ನಿ ಎಲ್ಲಿ ಅಂದರೆ ಸಮುದ್ರಕ್ಕೆ ಬಿತ್ತು ಅಂದ. ಎಂಟು ದಿನ ಬಂಗಡೆ ಸಾರು ಉಂಡು, ಒಂಬತ್ತನೇ ದಿನ ತಾಮ್ರದ ಹಂಡೆ ಹೊತ್ತುಕೊಂಡು ಮಾಯವಾದ. ಮಂಕಾಳಿಯದೇ ಹಡಗಿನಲ್ಲಿದ್ದ ಯಾರೋ ಖದೀಮ ಅಂತ ಆಮೇಲೆ ತಿಳಿಯಿತು. ಅವತ್ತು ಸೋಮಿ, "ಇನ್ನು ನಾನು ಮುಖ ನೋಡೂದಿಲ್ಲ, ಮಾತು ಕೇಳೂದಿಲ್ಲ. ಪೆನ್ನಿ ನೋಡ್ತೆ" ಅಂದಳಂತೆ.

ಅದಾಗಿ ಕೆಲವು ತಿಂಗಳಿಗೆ, ಒಂದು ಬೆಳಿಗ್ಗೆ, ಆಚೆ ದಡದಲ್ಲಿ ಮತ್ತೊಬ್ಬ ಬಂದು ನಿಂತ. ಹಡಗಿನ ಬಾಯ್ಲರು ಸಿಡಿದು ಮುಖವೆಲ್ಲ ಬೆಂದು ಹೋಗಿತ್ತು. ಗಂಟಲೂ ಹೋಗಿ, ದನಿ ಒಣ ತೆಂಗಿನಗರಿ ಎಳೆದ ಹಾಗಿತ್ತು. ಹಮ್ಮಣ್ಣನಿಗೆ ಗುರುತು ಸಿಗಲಿಲ್ಲ. ಆದರೆ ದೋಣಿ ಹತ್ತಿದವನು ಕೇಳದೆ ಎರಡನೇ ಹುಟ್ಟು ತಗೊಂಡ. ಎರಡು ಎಳೆತ ಎಳೆದ. ಮೂರನೆಯದಕ್ಕೆ ಹಮ್ಮಣ್ಣ ತನ್ನ ಹುಟ್ಟು ಹಾಕುವುದನ್ನೇ ಮರೆತ.

"ಮಂಕಾಳಿ?"

"ಹೂಂ ಮಾರಾಯಾ. ದೋಣಿ ಅಡ್ಡ ಹೋಗ್ತಿದೆ, ಸಮಾ ಹಾಕು."

ದಡದ ಹೊನ್ನೆಮರದ ಕೆಳಗೆ ಊರು ಸೇರಿತು. ಇವ ಮಂಕಾಳಿಯೇ, ಹುಟ್ಟು ಎಳೆಯುವುದರಲ್ಲೇ ಗೊತ್ತಾಯಿತು ಅಂತ ಹಮ್ಮಣ್ಣ ಹೇಳಿದ. "ಹಂಡೆ ಕದ್ದವನೂ ಚೆನ್ನಾಗೇ ಹುಟ್ಟು ಹಾಕ್ತಿದ್ದ" ಅಂದಳು ಸೋಮಿ. "ಪೆನ್ನಿ ತೆಗಿ."

ಅವನು ಉಡಿದಾರದ ಗಂಟು ಬಿಚ್ಚಿ ಕೊಟ್ಟ. ಸೋಮಿ ಅದನ್ನು ಬಿಸಿಲಿಗೆ ಹಿಡಿದಳು. ಅವಳಿಗೆ ನೋಡಲು ಕಲಿಸಿದವನು ಹಮ್ಮಣ್ಣನೇ. ನೋಡಿದಳು. ಯಜಮಾನರ ಕೈಗೆ ಕೊಟ್ಟಳು. ಅವರಿಗೂ ಕಲಿಸಿದವನು ಅವನೇ.

"ಭರತ" ಅಂದರು ಯಜಮಾನರು.

ಸೋಮಿ ಪೆನ್ನಿಯನ್ನು ಮರಳಿಗೆ ಎಸೆದು ಬೆನ್ನು ತಿರುಗಿಸಿದಳು. ಬಂದವನು ಹಮ್ಮಣ್ಣನ ಮುಖವನ್ನು ಒಮ್ಮೆ ನೋಡಿದ. ತನ್ನ ಬಟ್ಟೆಯ ಗಂಟು ಎತ್ತಿಕೊಂಡು, "ಹಮ್ಮಣ್ಣಾ, ನನ್ನ ಆಚೆ ದಡಕ್ಕೆ ಬಿಡು" ಅಂದ.

ಬಿಟ್ಟು ಬಂದಿದ್ದರೆ ಮುಗಿಯುತ್ತಿತ್ತು. ಹಮ್ಮಣ್ಣನ ಮಾತು ಎಲ್ಲರ ಬಾಯಲ್ಲಿ ಚಿನ್ನದ ಮಾತಾಗಿಯೇ ಉಳಿಯುತ್ತಿತ್ತು. ಹೊಳೆ ದಾಟಿಸುವವನಿಗೆ ಇರುವುದು ಅದೊಂದೇ ತಾನೆ? ಮಾತಿಗೆ ತಪ್ಪಿದವನ ದೋಣಿಗೆ ಮಕ್ಕಳುಮರಿ ಕಟ್ಟಿಕೊಂಡು ಯಾರು ಹತ್ತುತ್ತಾರೆ? ಹಮ್ಮಣ್ಣ ದೋಣಿಯ ಹಗ್ಗಕ್ಕೆ ಕೈ ಹಾಕಿದ. ಹಗ್ಗ ಬಿಟ್ಟ. ಗುಡಿಸಲಿಗೆ ಓಡಿದ. ತಲೆಯ ತುಂಬ ಮಸಿ, ಮಡಲ ಚೂರು ಹೊತ್ತುಕೊಂಡು ಹೊರಗೆ ಬಂದ.

"ಅತ್ತಿಗೇ, ಇಳಿತದ್ದು ಇಲ್ಲಿದೆ. ಅವತ್ತಿಂದ ಇಲ್ಲೇ ಇತ್ತು. ನಾನು ಇವನಿಗೆ ಕೊಟ್ಟದ್ದೇ ಭರತದ್ದು."

ಪೆನ್ನಿಯನ್ನು ಯಜಮಾನರ ಕೈಗಿಟ್ಟು ಮತ್ತೆ ಹೇಳಿದ.

"ಇವ ಕಳ್ಳನಾಗಿದ್ರೆ, ಊರಿನ ಕಥೆ ಕೇಳಿ, ಎಲ್ಲಿಂದಾದ್ರೂ ಇಳಿತದ್ದನ್ನೇ ಹುಡುಕಿ ತರ್ತಿದ್ದ. ನಾ ಮೋಸ ಮಾಡಿದವನ ಹತ್ರ ಮಾತ್ರ ಭರತದ್ದು ಇರ್ತದೆ. ರಾಜನ ಕಿವಿ ಹಿಂದೆ ಒಂದು ಕಚ್ಚು ಇರ್ಬೇಕು, ನೋಡಿ. ನನ್ನ ಲಂಗರು ಬಿದ್ದು ಆದದ್ದು."

ಸೋಮಿ ಬಗ್ಗಿ ಮರಳಿನಿಂದ ಪೆನ್ನಿ ಹೆಕ್ಕಿದಳು. ಕಚ್ಚು ಇತ್ತು. ಮರಳು ಒರೆಸಿ ಪೆನ್ನಿಯನ್ನು ಸೆರಗಿನ ತುದಿಗೆ ಕಟ್ಟಿಕೊಂಡಳಂತೆ. ಆಮೇಲೆ ಆ ಬೆಂದ ಮುಖವನ್ನು ಮೊದಲ ಸಲ ನೆಟ್ಟಗೆ ನೋಡಿ, "ಹನ್ನೆರಡು ವರ್ಷ ಹೋಯ್ತು, ಒಂದು ಹಂಡೆ ಹೋಯ್ತು" ಅಂದಳು. "ಬನ್ನಿ. ಗಂಜಿ ಆರ್ತದೆ."

ಹಮ್ಮಣ್ಣ ಅಲ್ಲೇ ಕುಕ್ಕರಿಸಿದ್ದ. ಮಂಕಾಳಿ ಅವನ ಪಕ್ಕ ಕೂತ.

"ನಂಗೆ ಹಡಗು ಹತ್ತಿದ ದಿನವೇ ಗೊತ್ತಾಯ್ತು" ಅಂದ.

"ಮತ್ತೆ ಈಗ ಯಾಕೆ ಬಾಯಿ ಬಿಡ್ಲಿಲ್ಲ?"

"ಬಿಟ್ಟಿದ್ರೆ ನಿನ್ನ ದೋಣಿಗೆ ಯಾರು ಹತ್ತಬೇಕಿತ್ತು? ನೀನು ಮೋಸ ಮಾಡ್ದೆ ಅಂತ ನಾನು ತಿಳಿಯಲೇ ಇಲ್ಲ. ಇಳಿತದಲ್ಲಿ ದೋಣಿ ಅಳಿವೆ ದಾಟಿ ಒಳಗೆ ಬರೂದಿಲ್ಲ, ಭರತವೇ ಬೇಕು. ಇವ ಮರಳಿ ಬರ್ಬೇಕು ಅಂತ ಹಮ್ಮಣ್ಣ ಬೇಕಂತ್ಲೇ ಭರತ ಕೊಟ್ಟ ಅಂದ್ಕಂಡೆ. ಬಾಯ್ಲರು ಸಿಡಿದ ದಿನ ಇದನ್ನೇ ಹಿಡ್ಕಂಡಿದ್ದೆ."

ಆಗ ಹಮ್ಮಣ್ಣ ಅತ್ತದ್ದಕ್ಕೆ ಹೊಳೆ ಒಂದು ಗೇಣು ಏರಿತಂತೆ. ಎರಡು ಗೇಣು ಅಂತ ಬೇಕಾದರೂ ಅನ್ನಿ, ಇಂಥದ್ದರಲ್ಲಿ ಜಿಪುಣತನ ಯಾಕೆ? ಮಾರನೇ ಬೆಳಿಗ್ಗೆ ಅವನ ದೋಣಿಗೆ ಮೊದಲು ಹತ್ತಿ ಕೂತವಳು ಸೋಮಿ. ಅವಳಿಗೆ ಆಚೆ ದಡದಲ್ಲಿ ಏನೂ ಕೆಲಸವಿರಲಿಲ್ಲ. ಅವಳು ಹತ್ತಿದ್ದು ನೋಡಿ ಊರೂ ಹತ್ತಿತು. ಎರಡು ಪೆನ್ನಿಗಳನ್ನೂ ದೋಣಿಯ ಮೂತಿಗೆ, ಕಣ್ಣಿನ ಹಾಗೆ, ಆಚೆಗೊಂದು ಈಚೆಗೊಂದು ಹೊಡೆದರಂತೆ.

ಆ ದೋಣಿ ಈಗಿಲ್ಲ. ಹೊಳೆಗೆ ಸೇತುವೆ ಬಂದಿದೆ, ಬಸ್ಸು ಬರುತ್ತದೆ. ಆದರೂ ಹಳೇತಾರಿಯಿಂದ ಯಾರಾದರೂ ದೂರ ಹೊರಟರೆ, ಮನೆಯವರು ಹೊಳೆಯ ಕಡೆ ನೋಡುತ್ತಾರೆ. ನೀರು ಇಳಿಯುತ್ತಿದ್ದರೆ ಆ ಬಸ್ಸು ಬಿಟ್ಟು ಮುಂದಿನ ಬಸ್ಸು. ಹೊರಡುವವರ ಕೈಗೆ ಒಂದು ನಾಣ್ಯ ಇಡುವ ಮೊದಲು ಅದರ ಎರಡೂ ಮಗ್ಗುಲು ತಿರುಗಿಸಿ ತೋರಿಸುತ್ತಾರೆ. ತಗೊಳ್ಳುವವರು ಮಾತ್ರ ನೋಡುವುದಿಲ್ಲ. ಕಣ್ಣು ಮುಚ್ಚಿ, ಮುಷ್ಟಿ ಮುಚ್ಚಿ, "ಭರತವೇ ಇರ್ಲಿ" ಅಂತಾರೆ.